ಹಳೇ ಹೊಲಿಗೆ ಮಶೀನು: ನಂಬಿಕೆ ಏನು, ನಿಜ ಏನು

ಕುಬಸ, ಶಾಲೆಯ ಸಮವಸ್ತ್ರ ಹೊಲಿದು ನಾಲ್ಕು ಕಾಸು ದುಡಿಯಬೇಕೆನ್ನುವ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಹೆಣ್ಣುಮಕ್ಕಳಿಗೆ ಹಳೇ ಕರಿ ಮಶೀನು ಒಳ್ಳೆಯ ಆಸರೆ. ಆದರೆ ಅದರ ಬಗ್ಗೆ ಹಬ್ಬಿದ ಮಾತುಗಳನ್ನು ನಂಬಿ ಕೊಂಡರೆ ದುಡ್ಡು ಹೋದಂತೆಯೇ.

ಎಲ್ಲಕ್ಕಿಂತ ಕೆಟ್ಟ ಮಾತು, ಹಳೇ ಸಿಂಗರ್ ಮಶೀನಿನೊಳಗೆ ‘ಕೆಂಪು ಪಾದರಸ’ ಇರುತ್ತದೆ, ಅದಕ್ಕೆ ಲಕ್ಷಗಟ್ಟಲೆ ಬೆಲೆ ಎನ್ನುವುದು. 2009ರ ಏಪ್ರಿಲ್‌ನಲ್ಲಿ ಸೌದಿ ಅರೇಬಿಯಾದಲ್ಲಿ ಈ ಗಾಳಿಸುದ್ದಿ ಎದ್ದು, ಜನ ಮುಗಿಬಿದ್ದು ಹಳೇ ಸಿಂಗರ್‌ಗಳನ್ನು ಕೊಂಡರು. ಸೂಜಿಯ ಹತ್ತಿರ ಮೊಬೈಲ್ ಹಿಡಿದಾಗ ಕರೆ ಕಡಿದುಹೋದರೆ ಪಾದರಸ ಇದೆ ಎಂದು ‘ಪರೀಕ್ಷೆ’ಯೂ ನಡೆಯಿತು. ಅಂಥ ವಸ್ತುವೇ ಇಲ್ಲ. ಮಶೀನಿನೊಳಗೆ ಇರುವುದು ಕಬ್ಬಿಣ, ಉಕ್ಕು, ಎಣ್ಣೆಯ ಜಿಡ್ಡು. ಈ ಹೆಸರು ಹೇಳಿ ಮುಂಗಡ ಕೇಳುವವರನ್ನು ಬಾಗಿಲಿಂದಲೇ ಕಳಿಸಿ.

‘ಹಳತಾದಷ್ಟೂ ಬೆಲೆ ಜಾಸ್ತಿ’ ಎನ್ನುವುದೂ ಸುಳ್ಳು. ಮಸ್ಕಿಯ ಅಶೋಕ ಶಾಸನಕ್ಕೆ ಆ ಮಾತು ಒಪ್ಪುತ್ತದೆ, ಮಶೀನಿಗಲ್ಲ. 1885ರಲ್ಲಿ ಶುರುವಾಗಿ 1980ರಲ್ಲಿ ಮುಚ್ಚಿದ ಸಿಂಗರ್‌ನ ಸ್ಕಾಟ್ಲೆಂಡ್ ಕಾರ್ಖಾನೆಯೊಂದರಿಂದಲೇ ಕೋಟಿಗಟ್ಟಲೆ ಮಶೀನುಗಳು ಹೊರಬಂದವು. ಹಾಗಾಗಿ ಅವು ಅಪರೂಪದ ವಸ್ತುಗಳೇನಲ್ಲ. ದುಡಿಮೆಗೆ ಕೊಳ್ಳುವವರು ಇಸವಿಗಿಂತ ಮೊದಲು ಕೆಳದಾರದ ಬಾಬಿನ್ ಕೂರುವ ಶಟಲ್ ನೋಡಬೇಕು. ಬಹಳ ಹಳೆಯವುಗಳಲ್ಲಿ ದೋಣಿಯಂಥ ಉದ್ದ ಶಟಲ್ ಇರುತ್ತದೆ. ಅದರ ಸಪೂರ ಬಾಬಿನ್ ಹುಡುಕುವುದೇ ಕಷ್ಟ. ದುಂಡು ಬಾಬಿನ್ ಇದ್ದರೆ ನಿಶ್ಚಿಂತೆ: ನಮ್ಮ ಉಷಾ, ಲುಧಿಯಾನದ ಮಶೀನುಗಳು ಹೆಚ್ಚಿನವು ಅದೇ ಮಾದರಿಯವು, ಬಿಡಿಭಾಗ ಸುಲಭವಾಗಿ ಸಿಗುತ್ತವೆ.

ಜಾಮ್ ಆಗಿದೆಯೆಂದು ಗುಜರಿಗೆ ಹಾಕುವವರಿದ್ದಾರೆ. ನನಗೆ ಅದು ಬಹಳ ಸಂಕಟದ ವಿಷಯ. ಬಹುತೇಕ ಜಾಮ್ ಎಂದರೆ ಒಣಗಿ ಗಟ್ಟಿಯಾದ ಎಣ್ಣೆ, ಹತ್ತಿಯ ಧೂಳು, ಬಾಬಿನ್ ಕೆಳಗೆ ಸಿಕ್ಕಿದ ದಾರ. ದಾರ ತೆಗೆದು, ಎಣ್ಣೆ ತೂತುಗಳಿಗೆ ಸೀಮೆಎಣ್ಣೆ ಬಿಟ್ಟು, ರಾತ್ರಿಯಿಡೀ ಇಟ್ಟು, ಚಕ್ರವನ್ನು ನಿಧಾನಕ್ಕೆ ಆಡಿಸಿ. ಸಡಿಲಾದ ಮೇಲೆ ಒರೆಸಿ ಮಶೀನ್ ಎಣ್ಣೆ ಹಾಕಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಜಾಮ್ ಆಗುವುದಕ್ಕೆ ಅಡುಗೆಮನೆಯ ಎಣ್ಣೆಯೇ ಎಷ್ಟೋ ಸಲ ಕಾರಣ. ಆದರೆ ಎರಕದ ಮೈಯಲ್ಲಿ ಬಿರುಕು ಕಂಡರೆ ಕೈಬಿಡಿ.

ಹೊಸ ಬಣ್ಣ ಬಳಿದು ಮಿರಮಿರ ಮಿಂಚುವ ಮಶೀನಿಗೆ ಮರುಳಾಗಬೇಡಿ. ಬಣ್ಣದ ಕೆಳಗೆ ಬೆಸುಗೆ ಅಡಗಿರಬಹುದು. ಸೂಜಿ ಹಿಡಿದ ಕಂಬಿಯನ್ನು ಬೆರಳಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ. ಗಡಗಡ ಆಡಿದರೆ ಸವೆದಿದೆ. ಬಟ್ಟೆ ಎಳೆಯುವ ಹಲ್ಲುಗಳು ಚೂಪಾಗಿವೆಯೇ ಮುಟ್ಟಿ ನೋಡಿ. ದಾರವಿಲ್ಲದೆ ಕಾಗದದ ಮೇಲೆ ಓಡಿಸಿ, ತೂತುಗಳು ಒಂದೇ ಅಂತರದಲ್ಲಿ ಬೀಳಬೇಕು.

ಹೊಲಿಗೆ ಸರಿ ಬೀಳದಿದ್ದರೆ ಮಶೀನೇ ಹೋಯಿತೆಂದು ತಿಳಿಯಬೇಡಿ. ಸೂಜಿ ಬದಲಿಸಿ ನೋಡಿ. ಮೇಲೆ ಕೆಂಪು, ಕೆಳಗೆ ಬಿಳಿ ದಾರ ಹಾಕಿ ಹೊಲಿದಾಗ ಬಿಳಿ ಮೇಲೆ ಇಣುಕಿದರೆ, ಹೆಚ್ಚಾಗಿ ಮೇಲಿನ ಟೆನ್ಷನ್ ಬಿಗಿಯಾಗಿದೆ ಎಂದರ್ಥ.

ಕೊಳ್ಳಲು ಹೋಗುವಾಗ ನೀವು ದಿನಾ ಹೊಲಿಯುವ ಬಟ್ಟೆಯನ್ನೇ ಒಯ್ಯಿರಿ: ಕುಬಸದ ಖಣ, ಸಮವಸ್ತ್ರದ ದಪ್ಪ ಬಟ್ಟೆ. ನಾಲ್ಕು ಪದರ ಮಡಚಿ, ನಿಮ್ಮ ಕಾಲಿಂದಲೇ ತುಳಿದು ಹೊಲಿದು ನೋಡದೆ ದುಡ್ಡು ಕೊಡಬೇಡಿ.