ನೆತ್ತಿ ಮೇಲೆ ಸೂರ್ಯ, ಮನೆಯಲ್ಲಿ ಕರೆಂಟ್ ಇಲ್ಲ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಬೆಂಗಳೂರಲ್ಲಿ ಯಾರಾದ್ರೂ "ನಮ್ಮನೇಲಿ ಸೋಲಾರ್ ಇದೆ" ಅಂದ್ರೆ ಹೆಚ್ಚಾಗಿ ಅದು ಸ್ನಾನಕ್ಕೆ ನೀರು ಕಾಯಿಸೋ ಸೋಲಾರ್. ಅದರಲ್ಲಿ ಕರೆಂಟ್ ತಯಾರಾಗೋದೇ ಇಲ್ಲ, ಬಿಸಿಲಿನ ಶಾಖ ನೇರವಾಗಿ ನೀರಿಗೆ ಹೋಗುತ್ತೆ, ಅಷ್ಟೆ. ನಾನು ಹೇಳಹೊರಟಿರೋದು ಕರೆಂಟ್ ಕೊಡೋ ಸೋಲಾರ್ ಬಗ್ಗೆ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಶುರುವಾಗಿ, 3 ಕಿಲೋವ್ಯಾಟ್ ಸಿಸ್ಟಮ್‌ಗೆ 78,000 ರೂಪಾಯಿ ಸಬ್ಸಿಡಿ ಅಂತ ಆದಮೇಲೆ ಮನೆಮನೆಯಲ್ಲೂ ಇದೇ ಮಾತು. "ನೀನು ಇಂಜಿನಿಯರಿಂಗ್ ಓದ್ತಿದೀಯಲ್ಲ, ಹಾಕಿಸ್ಬಹುದಾ ಹೇಳು" ಅಂತ ನಿಮ್ಮನ್ನೂ ಯಾರಾದ್ರೂ ಕೇಳಿರ್ತಾರೆ.

ತಿಪಟೂರಿನಲ್ಲಿರೋ ನಮ್ಮ ದೊಡ್ಡಪ್ಪ ನನ್ನ ಕೇಳದೆಯೇ 3 ಕಿಲೋವ್ಯಾಟ್ ಹಾಕಿಸಿದ್ರು. ಕೆಲವು ದಿನ ಆದಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. "ಲೋ, ಸೂರ್ಯ ನೆತ್ತಿ ಮೇಲಿದಾನೆ, ಕರೆಂಟ್ ಹೋಯ್ತು, ಫ್ಯಾನೂ ನಿಂತೋಯ್ತು. ಇದೆಂಥ ಸೋಲಾರ್ ಕಣೋ?" ಸಿಸ್ಟಮ್ ಕೆಟ್ಟಿರಲಿಲ್ಲ. ಅದು ಕೆಲಸ ಮಾಡಬೇಕಾದ್ದೇ ಹಾಗೆ. ಹಾಕಿಕೊಟ್ಟವರು ಮಾತ್ರ ಇದನ್ನ ಹೇಳಿರಲಿಲ್ಲ. ಯಾಕೆ ಹೀಗೆ ಅಂತ ಗೊತ್ತಾಗಬೇಕಾದ್ರೆ ತಾರಸಿಯಿಂದ ಕೆಳಗಿನ ಮೀಟರ್‌ವರೆಗೆ ಒಂದು ಸಲ ಇಳಿದು ಬರಬೇಕು.

ಮೇಲಿರೋದು ಪ್ಯಾನೆಲ್. ಸಿಲಿಕಾನ್‌ನ ಒಂದು ಸೆಲ್ ಕೊಡೋದು ಸುಮಾರು ಅರ್ಧ ವೋಲ್ಟ್ ಮಾತ್ರ. ಅಂಥವನ್ನ ಸೀರೀಸ್‌ನಲ್ಲಿ ಪೋಣಿಸಿದ್ರೆ ಒಂದು ಪ್ಯಾನೆಲ್. ಈಗ ಸಿಗೋ 540 ವ್ಯಾಟ್‌ನ ಪ್ಯಾನೆಲ್ ಸುಮಾರು 41 ವೋಲ್ಟ್, 13 ಆಂಪಿಯರ್ ಕೊಡುತ್ತೆ. ಅಂಥ ಆರು ಪ್ಯಾನೆಲ್ ಇದ್ರೆ 3 ಕಿಲೋವ್ಯಾಟ್‌ಗಿಂತ ಸ್ವಲ್ಪ ಜಾಸ್ತಿಯೇ ಆಯ್ತು. ನಮ್ಮ ಕಡೆಯ ಬಿಸಿಲಿಗೆ 1 ಕಿಲೋವ್ಯಾಟ್‌ನಿಂದ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತೆ, ಅಂದ್ರೆ ದೊಡ್ಡಪ್ಪನ ಮನೆಗೆ ದಿನಕ್ಕೆ ಹನ್ನೆರಡು. ಬಿಸಿಲು ಜೋರಾದಷ್ಟೂ ಒಳ್ಳೇದು ಅಂತ ಎಲ್ಲರೂ ಅಂದ್ಕೋತಾರೆ. ಪ್ಯಾನೆಲ್‌ಗೆ ಬೇಕಾಗಿರೋದು ಬೆಳಕು, ಬಿಸಿ ಅಲ್ಲ. 25 ಡಿಗ್ರಿಗಿಂತ ಮೇಲೆ ಪ್ರತಿ ಡಿಗ್ರಿಗೂ ಸುಮಾರು 0.35 ಶೇಕಡಾ ಪವರ್ ಕಮ್ಮಿಯಾಗುತ್ತೆ. ಬೇಸಿಗೆಯಲ್ಲಿ ಪ್ಯಾನೆಲ್ 60 ಡಿಗ್ರಿ ಮುಟ್ಟಿದ್ರೆ ಹನ್ನೆರಡು ಶೇಕಡಾ ಹೋಯ್ತು ಅಂತಲೇ ಲೆಕ್ಕ.

ಇನ್ನೊಂದು ಶತ್ರು ನೆರಳು. ತಿಪಟೂರು ಅಂದಮೇಲೆ ತೆಂಗಿನಮರ ಇರಲೇಬೇಕು. ಸೀರೀಸ್‌ನಲ್ಲಿ ಎಲ್ಲಾ ಸೆಲ್‌ಗಳಲ್ಲೂ ಒಂದೇ ಕರೆಂಟ್ ಹರಿಯೋದ್ರಿಂದ, ಒಂದು ಗರಿಯ ನೆರಳು ಕೆಲವೇ ಸೆಲ್ ಮೇಲೆ ಬಿದ್ರೂ ಇಡೀ ಸಾಲಿಗೆ ಅಡ್ಡಿ. ಅದಕ್ಕೇ ಪ್ಯಾನೆಲ್ ಹಿಂದೆ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇಟ್ಟಿರ್ತಾರೆ. ನೆರಳು ಬಿದ್ದ ಭಾಗವನ್ನ ಬಿಟ್ಟು ಕರೆಂಟ್ ಪಕ್ಕದ ದಾರಿ ಹಿಡಿಯುತ್ತೆ. ಡಯೋಡ್ ಅಂದ್ರೆ ಬರೀ ರೆಕ್ಟಿಫೈಯರ್ ಅಂತ ಲ್ಯಾಬ್ ರೆಕಾರ್ಡ್ ಬರೆದು ಮುಗಿಸಿದೀವಿ, ಇಲ್ಲಿ ನೋಡಿ ಅದರ ನಿಜವಾದ ನೌಕರಿ.

ಪ್ಯಾನೆಲ್‌ನಿಂದ ಕೆಳಗಿಳಿಯೋ ವೈರ್ ಬಗ್ಗೆ ಯಾರೂ ಮಾತಾಡಲ್ಲ, ಆದ್ರೆ ನನಗೆ ಭಯ ಇರೋದು ಅದರ ಮೇಲೆಯೇ. ಆರು ಪ್ಯಾನೆಲ್ ಸೀರೀಸ್ ಅಂದ್ರೆ ಸುಮಾರು 250 ವೋಲ್ಟ್ ಡಿಸಿ. ಎಸಿ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟಿ ಬರುತ್ತೆ, ಹಾಗಾಗಿ ಸ್ವಿಚ್ ತೆಗೆದಾಗ ಕಿಡಿ ಹತ್ತಿದ್ರೂ ಬೇಗ ಆರುತ್ತೆ. ಡಿಸಿ ಸೊನ್ನೆಗೆ ಬರೋದೇ ಇಲ್ಲ, ಕಿಡಿ ಉರಿತಾನೇ ಇರುತ್ತೆ. ಅದಕ್ಕೆ ಡಿಸಿಗೇ ಅಂತ ಮಾಡಿದ ಎಂಸಿಬಿ ಬೇಕು. ಅಂಗಡಿಯಲ್ಲಿ ಸಿಗೋ ಮನೆ ಎಂಸಿಬಿ ಹಾಕಿ ದುಡ್ಡು ಉಳಿಸೋ ಜಾಗ ಇದಲ್ಲ. ಬಿಸಿಲಿರೋವಾಗ ಪ್ಯಾನೆಲ್ ಕನೆಕ್ಟರ್ ಎಳೆಯೋಕೂ ಹೋಗಬೇಡಿ. ಜೊತೆಗೆ ಸಿಡಿಲಿಂದ ಕಾಪಾಡೋಕೆ ಸರ್ಜ್ ಪ್ರೊಟೆಕ್ಟರ್, ಅರ್ಥಿಂಗ್ ಎಲ್ಲಾ ಇರುತ್ತೆ, ಇರಲೇಬೇಕು.

ಈಗ ಇನ್ವರ್ಟರ್. ಇದು ಡಿಸಿಯನ್ನ ಎಸಿ ಮಾಡುತ್ತೆ ಅನ್ನೋದು ಅರ್ಧ ಸತ್ಯ. ಮೊದಲು ಅದು ಪ್ಯಾನೆಲ್ ಜೊತೆ ಚೌಕಾಸಿ ಮಾಡುತ್ತೆ. ವೋಲ್ಟೇಜ್ ಮತ್ತು ಕರೆಂಟ್ ಗುಣಿಸಿದಾಗ ಎಲ್ಲಿ ಅತಿ ಹೆಚ್ಚು ಬರುತ್ತೋ ಆ ಜಾಗ ಮೋಡ, ಬಿಸಿ, ಹೊತ್ತಿಗೆ ತಕ್ಕ ಹಾಗೆ ಬದಲಾಗ್ತಾ ಇರುತ್ತೆ. ಅದನ್ನ ಹುಡುಕ್ತಾನೇ ಇರೋ ಕೆಲಸಕ್ಕೆ ಎಂಪಿಪಿಟಿ ಅಂತ ಹೆಸರು. ಮ್ಯಾಕ್ಸಿಮಮ್ ಪವರ್ ಟ್ರಾನ್ಸ್‌ಫರ್ ಥಿಯರಮ್ ಪರೀಕ್ಷೆ ಮುಗಿದ ಮಾರನೇ ದಿನವೇ ಮರೆತವರು ಈಗ ನೆನಪಿಸ್ಕೊಳ್ಳಿ.

ಆಮೇಲೆ ಅದು ಕೆಇಬಿ ಲೈನ್ ನೋಡುತ್ತೆ (ಕೆಇಬಿ ಹೋಗಿ ಬೆಸ್ಕಾಂ, ಹೆಸ್ಕಾಂ ಎಲ್ಲಾ ಬಂದ್ರೂ ನಮ್ಮನೇಲಿ ಇನ್ನೂ ಕೆಇಬಿನೇ). ಲೈನ್‌ನಲ್ಲಿರೋ 230 ವೋಲ್ಟ್, 50 ಹರ್ಟ್ಸ್ ಅಲೆಗೆ ತಾಳ ಹೊಂದಿಸಿ ತನ್ನ ಕರೆಂಟ್ ಸೇರಿಸುತ್ತೆ. ಮನೆಗೆ ಬೇಕಾದಷ್ಟು ಮನೆಗೆ, ಮಿಕ್ಕಿದ್ದು ಹೊರಗೆ. ಒಳಗೆ ಬಂದದ್ದು, ಹೊರಗೆ ಹೋದದ್ದು ಎರಡನ್ನೂ ಲೆಕ್ಕ ಇಡೋದು ನೆಟ್ ಮೀಟರ್. ಈ ಥರದ ಸಿಸ್ಟಮ್‌ಗೆ ಆನ್-ಗ್ರಿಡ್ ಅಂತಾರೆ, ಬ್ಯಾಟರಿ ಇರಲ್ಲ.

ಲೈನ್ ಸತ್ತರೆ? ತಾಳ ಹಾಕೋಕೆ ಹಾಡೇ ಇಲ್ಲ, ಹಾಗಾಗಿ ಇನ್ವರ್ಟರ್ ಎರಡು ಸೆಕೆಂಡ್ ಒಳಗೆ ನಿಲ್ಲಬೇಕು. ಇದು ಮನುಷ್ಯನ ಜೀವದ ಪ್ರಶ್ನೆ. ಕರೆಂಟ್ ತೆಗೆದು ಕಂಬ ಹತ್ತಿರೋ ಲೈನ್‌ಮ್ಯಾನ್ ಲೈನ್ ಸತ್ತಿದೆ ಅಂತ ನಂಬಿರ್ತಾನೆ. ಆಗ ನಿಮ್ಮ ತಾರಸಿಯ 230 ವೋಲ್ಟ್ ಹೊರಗೆ ಹರಿದ್ರೆ ಬೀದಿಯ ಟ್ರಾನ್ಸ್‌ಫಾರ್ಮರ್ ಅದನ್ನ ಹಿಂದುಮುಂದಾಗಿ 11,000 ವೋಲ್ಟ್‌ಗೆ ಏರಿಸುತ್ತೆ. ಟ್ರಾನ್ಸ್‌ಫಾರ್ಮರ್‌ಗೆ ಯಾವ ಕಡೆಯಿಂದ ಬಂತು ಅನ್ನೋ ಭೇದ ಇಲ್ಲ. ಇದನ್ನ ಹೇಳಿದ ಮೇಲೆ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಿಲ್ಲಲಿ ಬಿಡು" ಅಂದ್ರು. ಆಮೇಲೆ "ಮತ್ತೆ ಪಕ್ಕದ ಮನೆ ಯುಪಿಎಸ್ ಹೆಂಗೆ ನಡೆಯುತ್ತೆ?" ಅಂತ ಕೇಳಿದ್ರು. ಒಳ್ಳೇ ಪ್ರಶ್ನೆ. ಕರೆಂಟ್ ಹೋದ ಕೂಡಲೇ ಯುಪಿಎಸ್ ಮನೆಯನ್ನ ಹೊರಗಿನ ಲೈನ್‌ನಿಂದ ಕತ್ತರಿಸಿ, ಆಮೇಲೆ ಬ್ಯಾಟರಿಯಿಂದ ಕೊಡುತ್ತೆ. ಸೋಲಾರ್‌ನಲ್ಲೂ ಹೀಗೆ ಮಾಡೋದಿದೆ, ಅದು ಹೈಬ್ರಿಡ್ ಇನ್ವರ್ಟರ್. ಇದಕ್ಕೆ ಬ್ಯಾಟರಿ ಬೇಕು, ಯಾಕಂದ್ರೆ ಒಂದು ಮೋಡ ಅಡ್ಡ ಬಂದ ಕ್ಷಣದಲ್ಲೇ ಫ್ರಿಜ್ ಮೋಟಾರ್ ಶುರುವಾದ್ರೆ ಬರೀ ಪ್ಯಾನೆಲ್ ತಡೆಯಲ್ಲ.

ಲೈನೇ ಇಲ್ಲದ ಕಡೆ ಇರೋದು ಆಫ್-ಗ್ರಿಡ್. ಬೆಂಗಳೂರಿನ ಸೆಲ್ಕೋ 1995ರಿಂದ ಹಳ್ಳಿ ಮನೆಗಳಿಗೆ ಕೊಡ್ತಾ ಬಂದಿರೋ ದೀಪದ ಸೋಲಾರ್ ಈ ಜಾತಿಯದ್ದು. ಚಿಕ್ಕ ಪ್ಯಾನೆಲ್, ಚಾರ್ಜ್ ಕಂಟ್ರೋಲರ್, ಬ್ಯಾಟರಿ, ನಾಲ್ಕು ದೀಪ.

ಬ್ಯಾಟರಿ ಲೆಕ್ಕ ಹೀಗೆ. 12 ವೋಲ್ಟ್, 150 ಎಹೆಚ್ ಅಂದ್ರೆ 1,800 ವ್ಯಾಟ್-ಅವರ್. ಲೆಡ್ ಆಸಿಡ್ ಆದ್ರೆ ಬಾಳಿಕೆಗೋಸ್ಕರ ಅರ್ಧ ಮಾತ್ರ ಬಳಸೋದು ಒಳ್ಳೇದು, 900. ಎರಡು ಹಳೇ ಫ್ಯಾನ್ 150 ವ್ಯಾಟ್, ನಾಲ್ಕು ಎಲ್ಇಡಿ 36, ವೈಫೈ 10. ಇನ್ವರ್ಟರ್ ತಿನ್ನೋದು ಕಳೆದ್ರೆ ಸುಮಾರು ನಾಲ್ಕು ಗಂಟೆ. ಫ್ಯಾನ್ ಬದಲಿಸಿ ಬಿಎಲ್‌ಡಿಸಿ ಹಾಕಿದ್ರೆ, ಒಂದಕ್ಕೆ ಸುಮಾರು 30 ವ್ಯಾಟ್, ಎಂಟು ಗಂಟೆಯ ಹತ್ತಿರ ಹೋಗುತ್ತೆ. ಎರಡನೇ ಬ್ಯಾಟರಿ ಕೊಳ್ಳೋಕೆ ಮುಂಚೆ ಎರಡು ಫ್ಯಾನ್ ಕೊಳ್ಳಿ ಅಂತ ನಾನಂತೂ ಹೇಳ್ತೀನಿ.

ಹಾಗಾಗಿ ಮನೆಯವರು ಕೇಳಿದಾಗ ಪ್ಯಾನೆಲ್ ಕಂಪನಿ ಹೆಸರಿಗಿಂತ ಮೊದಲು ಎರಡು ವಿಷಯ ವಿಚಾರಿಸಿ: ಕರೆಂಟ್ ಬಿಲ್ ಎಷ್ಟು, ಕರೆಂಟ್ ದಿನಕ್ಕೆ ಎಷ್ಟು ಹೊತ್ತು ಹೋಗುತ್ತೆ. ಬಿಲ್ ಜಾಸ್ತಿ, ಕರೆಂಟ್ ಹೋಗೋದು ಅಪರೂಪ ಅಂದ್ರೆ ಆನ್-ಗ್ರಿಡ್ ಸಾಕು. ಕರೆಂಟ್ ಹೋಗೋದೇ ದೊಡ್ಡ ತೊಂದರೆ ಆಗಿದ್ರೆ ಹೈಬ್ರಿಡ್, ಇಲ್ಲಾ ಒಂದು ಒಳ್ಳೇ ಯುಪಿಎಸ್. ಗೃಹಜ್ಯೋತಿಯ 200 ಯೂನಿಟ್ ಒಳಗೇ ಇದ್ದು ಸೊನ್ನೆ ಬಿಲ್ ಬರ್ತಿರೋ ಮನೆಗೆ ಉಳಿಸೋಕೆ ಬಿಲ್ಲೇ ಇಲ್ಲ, ಅಲ್ಲಿ ಹಾಕಿದ ದುಡ್ಡು ವಾಪಸ್ ಬರೋಕೆ ತುಂಬಾ ವರ್ಷ ಬೇಕು. ದೊಡ್ಡಪ್ಪನ ಮನೆಯಲ್ಲಿ ಬೋರ್‌ವೆಲ್ ಮೋಟಾರು, ಎರಡು ಫ್ರಿಜ್ ಸೇರಿ ಬಿಲ್ ದೊಡ್ಡದೇ ಇತ್ತು, ಹಾಗಾಗಿ ಅವರಿಗೆ ಲೆಕ್ಕ ಕೂಡಿಬಂತು.