ಗಾಳಿಯ ಲೆಕ್ಕದಲ್ಲಿ ಎಡವಿದ ಗಣಕ

ಚಿತ್ರದುರ್ಗ, ಗದಗದ ಗುಡ್ಡಗಳ ಮೇಲಿರುವ ಗಾಳಿಯಂತ್ರಗಳನ್ನು ನೀವು ನೋಡಿರಬಹುದು. ಗಾಳಿ ಅವುಗಳ ರೆಕ್ಕೆಯನ್ನು ಸುಮ್ಮನೆ ನೂಕಿ ತಿರುಗಿಸುತ್ತದೆ ಎಂದು ಅನೇಕರ ತಿಳಿವಳಿಕೆ. ವಾಸ್ತವವಾಗಿ ಈ ರೆಕ್ಕೆ ವಿಮಾನದ ರೆಕ್ಕೆಯಂತೆ ಒಂದು ಬದಿಗೆ ಉಬ್ಬಿಕೊಂಡಿರುತ್ತದೆ. ಗಾಳಿ ಆ ಉಬ್ಬಿಗೆ ಅಂಟಿಕೊಂಡು ಬಾಗಿ ಹರಿಯುವಾಗ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಇನ್ನೊಂದು ಬದಿಯ ಹೆಚ್ಚಿನ ಒತ್ತಡ ರೆಕ್ಕೆಯನ್ನು ಅತ್ತ ತಳ್ಳುತ್ತದೆ.

ತೊಡಕು ಬರುವುದು ಗಾಳಿ ಬಿರುಸಾದಾಗ. ಗಾಳಿ ರೆಕ್ಕೆಗೆ ತಾಗುವ ಕೋನ ಮಿತಿಮೀರಿದರೆ ಪ್ರವಾಹ ಮೈಬಿಟ್ಟು ಸುಳಿಸುಳಿಯಾಗಿ ಒಡೆಯುತ್ತದೆ. ಇದಕ್ಕೆ 'ಸ್ಟಾಲ್' ಎಂದು ಹೆಸರು. ಆಗ ಎಷ್ಟು ವಿದ್ಯುತ್ ಬಂದೀತು, ರೆಕ್ಕೆ ಎಷ್ಟು ಬಾಗೀತು? ಯಂತ್ರ ಕಟ್ಟುವ ಮೊದಲೇ ತಿಳಿಯಬೇಕಾದ ಈ ಸಂಗತಿಯನ್ನು ಗಣಕ ಹೇಳಬೇಕು.

ಗಣಕ ಹೇಳುವುದು ಎಷ್ಟು ನಿಜ? 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಇದರ ಪರೀಕ್ಷೆಯೇ ನಡೆಯಿತು. ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಕೇಂದ್ರದಲ್ಲಿ ಜಗತ್ತಿನ ಅತಿ ದೊಡ್ಡ ವಾಯುಸುರಂಗವಿದೆ. ಪರೀಕ್ಷೆ ನಡೆಸುವ ಭಾಗ ಸುಮಾರು 24 ಮೀಟರ್ ಎತ್ತರ, 37 ಮೀಟರ್ ಅಗಲ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದವರು 10 ಮೀಟರ್ ವ್ಯಾಸದ, ಎರಡು ರೆಕ್ಕೆಗಳ ಯಂತ್ರವನ್ನು ಅದರೊಳಗೆ ನಿಲ್ಲಿಸಿದರು. ರೆಕ್ಕೆಯ ಐದು ಕಡೆ ಒತ್ತಡ ಅಳೆಯುವ ಸಣ್ಣ ರಂಧ್ರಗಳಿದ್ದವು. ಸೆಕೆಂಡಿಗೆ 5ರಿಂದ 25 ಮೀಟರ್ ವೇಗದ ಗಾಳಿ ಬಿಟ್ಟು ಅಳೆದರು. ಆದರೆ ಅಳತೆಗಳನ್ನು ಗುಟ್ಟಾಗಿಟ್ಟು, ನಿಮ್ಮ ಗಣಕ ಏನು ಹೇಳುತ್ತದೆ ಎಂದು ಪರಿಣತರನ್ನು ಮೊದಲು ಕೇಳಿದರು.

ಪುಸ್ತಕದ ಹಿಂದಿನ ಉತ್ತರ ನೋಡಿ ಲೆಕ್ಕವನ್ನು ಅದಕ್ಕೆ ಹೊಂದಿಸುವ ಹುಡುಗರನ್ನು ಯಾವ ಮೇಷ್ಟರು ಕಂಡಿಲ್ಲ? ವಿಜ್ಞಾನಿಗಳಿಗೂ ಆ ಚಪಲ ಇಲ್ಲದಿಲ್ಲ. ಇಲ್ಲಿ ಆ ದಾರಿ ಮುಚ್ಚಿತ್ತು.

ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಸ್ಟಾಲ್ ಇಲ್ಲದ, ಗಾಳಿ ನೇರವಾಗಿ ಬೀಸುವ ಅತಿ ಸುಲಭ ಸ್ಥಿತಿಯಲ್ಲೂ, ಯಂತ್ರದ ನಿಜವಾದ ಉತ್ಪಾದನೆ 100 ಎಂದುಕೊಂಡರೆ ಗಣಕಗಳ ಉತ್ತರ 25ರಿಂದ 175ರವರೆಗೆ ಹರಡಿತ್ತು. ಸ್ಟಾಲ್ ಆದಾಗಲಂತೂ 30ರಿಂದ 275!

ಕಾರಣವೇನು? ಹೆಚ್ಚಿನವರು ರೆಕ್ಕೆಯನ್ನು ತುಂಡುತುಂಡಾಗಿ ಭಾವಿಸಿ, ತಿರುಗದ ರೆಕ್ಕೆಯ ಮೇಲೆ ಮಾಡಿದ ಅಳತೆಗಳನ್ನೇ ನೆಚ್ಚಿದ್ದರು. ತಿರುಗುವ ರೆಕ್ಕೆಯ ಬುಡದಲ್ಲಿ ಗಾಳಿ ತುದಿಯ ಕಡೆಗೂ ಜಾರುತ್ತದೆ, ಸ್ಟಾಲ್ ತಡವಾಗುತ್ತದೆ. ಸ್ಥಿರ ರೆಕ್ಕೆಯ ಕೋಷ್ಟಕಕ್ಕೆ ಇದು ಗೊತ್ತಿಲ್ಲ.

ಡೆನ್ಮಾರ್ಕಿನ ರಿಸೋ ಪ್ರಯೋಗಾಲಯದವರು ಬೇರೆ ದಾರಿ ಹಿಡಿದಿದ್ದರು. ದ್ರವ, ಅನಿಲಗಳ ಹರಿವಿಗೆ ಫ್ರಾನ್ಸಿನ ನೇವಿಯರ್ 1822ರಲ್ಲಿ, ಬ್ರಿಟನ್ನಿನ ಸ್ಟೋಕ್ಸ್ 1845ರಲ್ಲಿ ಕೊಟ್ಟ ಸಮೀಕರಣಗಳಿವೆ. ಕಾಗದದ ಮೇಲೆ ಬಿಡಿಸಲು ಅವು ಬಗ್ಗುವುದಿಲ್ಲ. ಹಾಗಾಗಿ ರೆಕ್ಕೆಯ ಸುತ್ತಲಿನ ಜಾಗವನ್ನು ಲಕ್ಷಗಟ್ಟಲೆ ಪುಟ್ಟ ಕೋಶಗಳಾಗಿ ಸೀಳಿ, ಒಂದೊಂದರಲ್ಲೂ ಒತ್ತಡ, ವೇಗಗಳನ್ನು ನೆರೆಯ ಕೋಶಗಳೊಡನೆ ತಾಳೆಯಾಗುವ ತನಕ ಗಣಕ ಮತ್ತೆ ಮತ್ತೆ ಲೆಕ್ಕ ಹಾಕುತ್ತದೆ. ಇವರ ಉತ್ತರ ಅಳತೆಗೆ ಬಹಳ ಹತ್ತಿರ ಬಂತು. ಹಾಗೆಂದು ಇದೂ ಪೂರ್ಣವಲ್ಲ. ಕೋಶಕ್ಕಿಂತ ಕಿರಿದಾದ ಸುಳಿಗಳಿಗೆ ಇಂದಿಗೂ ಅಂದಾಜಿನ ಸೂತ್ರಗಳೇ ಗತಿ.

ಈಚೆಗೆ ರೆಕ್ಕೆಗಳು ಬೆಳೆದುಬಿಟ್ಟಿವೆ. 2019ರಲ್ಲಿ ಫ್ರಾನ್ಸಿನಲ್ಲಿ 107 ಮೀಟರ್ ಉದ್ದದ ರೆಕ್ಕೆ ತಯಾರಾಯಿತು. ಅದು ಹಿಡಿಸುವ ಸುರಂಗ ಎಲ್ಲೂ ಇಲ್ಲ. ಇಂಥ ರೆಕ್ಕೆಗಳಿಗೆ ಬಯಲೇ ಸುರಂಗವಾಗಬೇಕು. ಡೆನ್ಮಾರ್ಕಿನವರು 2009ರಲ್ಲೇ 38.8 ಮೀಟರ್ ರೆಕ್ಕೆಗೆ ಒತ್ತಡಮಾಪಕಗಳನ್ನು ಕೂರಿಸಿ, ತೆರೆದ ಬಯಲಿನ ಗಾಳಿಯಲ್ಲೇ ಅಳತೆ ತೆಗೆದು ಗಣಕದ ಲೆಕ್ಕಕ್ಕೆ ಒರೆ ಹಚ್ಚಿದ್ದಾರೆ.