ಬಣ್ಣದ ಕೆಸುವಿನ ಬೀಜ

ಎಲೆಯ ಸೊಬಗಿಗೆಂದು ಕುಂಡಗಳಲ್ಲಿ ಬೆಳೆಸುವ ಕಪ್ಪೆಲೆಯ ಕೆಸುವನ್ನು ಗಡ್ಡೆಯಿಂದ ಹೆಚ್ಚಿಸುವುದೇ ರೂಢಿ. ಅದಕ್ಕೆ ಬೀಜವೂ ಉಂಟೆಂಬುದನ್ನು ಬಲ್ಲವರು ವಿರಳ.

ಹಳದಿ ಹಾಳೆಯೊಳಗಿನ ತೆನೆಯ ಬುಡದಲ್ಲಿ ಹೆಣ್ಣು ಹೂಗಳೂ ಮೇಲ್ಗಡೆ ಗಂಡು ಹೂಗಳೂ ಇರುತ್ತವೆ. ಹೆಣ್ಣು ಹೂ ಮೊದಲು ಸಿದ್ಧವಾಗುವುದು. ಪರಾಗ ಉದುರುವುದು ಆ ತರುವಾಯ. ಆದಕಾರಣ ಮೊದಲೇ ಅರಳಿದ ಹೂವಿನ ಪರಾಗವನ್ನು ಮೆತ್ತನೆಯ ಕುಂಚದಿಂದ ತೆಗೆದು, ಆಗತಾನೆ ಬಿರಿಯುತ್ತಿರುವ ಮತ್ತೊಂದರ ಬುಡಕ್ಕೆ ಸೋಕಿಸಬೇಕು. ಒಂದೇ ಹೂವಿದ್ದಲ್ಲಿ ಕಾಯಿಯ ಆಸೆ ಕಡಮೆ.

ಕಾಯಿಗಳು ಮೆತ್ತಗಾಗಿ ಹಾಳೆ ತಾನಾಗಿ ಒಡೆಯುವವರೆಗೂ ಆತುರ ಕೂಡದು. ಗಿಡದ ರಸದಲ್ಲಿರುವ ಸೂಜಿಯಂಥ ಹರಳುಗಳು ತುರಿಕೆ ತರುವುದರಿಂದ ಕೈಗೆ ಎಣ್ಣೆ ಸವರಿಕೊಳ್ಳುವುದು ಲೇಸು. ಹಣ್ಣನ್ನು ನೀರಿನಲ್ಲಿ ಹಿಸುಕಿ, ತಿರುಳೆಲ್ಲ ಹೋಗುವಂತೆ ತೆಳುಬಟ್ಟೆಯಲ್ಲಿ ತೊಳೆಯಬೇಕು. ಬೀಜ ಸಾಸಿವೆಗಿಂತಲೂ ಸಣ್ಣದು. ಜೋರಾಗಿ ಉಸಿರುಬಿಟ್ಟರೂ ಹಾರೀತು! ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ ತಂಪಾದ ಒಣ ಸ್ಥಳದಲ್ಲಿಡತಕ್ಕದ್ದು. ನಾನು ಮೊದಲ ಸಲ ಹಸಿಯಾರದ ಬೀಜವನ್ನು ಸೀಸೆಯಲ್ಲಿ ಮುಚ್ಚಿಟ್ಟು, ವಾರದೊಳಗಾಗಿ ಬೂಷ್ಟು ಹಿಡಿದುದನ್ನು ಕಂಡು ಮರುಗಿದೆನು. ಆ ವರ್ಷದ ಬೆಳೆಯೆಲ್ಲ ಅಷ್ಟೇ.

ಬಿತ್ತುವಾಗ ಮಣ್ಣು ಮುಚ್ಚದೆ ಮೇಲೆಯೇ ಚೆಲ್ಲಿರಿ. ಮೊಳಕೆಗೆ ಬೆಳಕೂ ಬಿಡದ ತೇವವೂ ಬೇಕು. ಸಸಿಗಳೆಲ್ಲ ತಾಯಿಯ ಬಣ್ಣವನ್ನೇ ಪಡೆಯುವುದಿಲ್ಲ. ಕೆಲವು ಬರಿಯ ಹಸುರಾಗಿಯೂ ಬಂದಾವು. ಅದೇ ಬಣ್ಣ ಬೇಕೆನ್ನುವವರು ಗಡ್ಡೆಯನ್ನೂ ಕಾಪಾಡಿಕೊಳ್ಳಲಿ.